‘ನಮ್ಮನ್ನು’ ಎಂದರೆ ಯಾರನ್ನು?

ಡೊನಾಲ್ಡ್ ಟ್ರಂಪ್ ಅಮೆರಿಕದ ಅಧ್ಯಕ್ಷರಾಗಿ ಮೊದಲ ಸಲ ಪ್ರಮಾಣ ಮಾಡಿದ 2017ರ ಜನವರಿ 20ರಂದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಒಂದು ಕಲಾಕೃತಿ ಶುರುವಾಯಿತು. ಚಲಿಸುವ ಚಿತ್ರಗಳಿಗೆಂದೇ ಇರುವ ಮ್ಯೂಸಿಯಮ್ಮಿನ ಹೊರಗೋಡೆ, ಅದರ ಮೇಲೆ ‘ಅವನು ನಮ್ಮನ್ನು ಒಡೆಯಲಾರ’ ಎಂಬರ್ಥದ ಇಂಗ್ಲಿಷ್ ಸಾಲು, ಕೆಳಗೊಂದು ಕ್ಯಾಮರಾ. ಯಾರು ಬೇಕಾದರೂ ಬಂದು ಆ ಸಾಲನ್ನು ಎಷ್ಟು ಸಲ ಬೇಕಾದರೂ ಹೇಳಬಹುದು. ಅದು ಹಗಲೂ ರಾತ್ರಿ, ನಾಲ್ಕು ವರ್ಷ, ಅಂತರ್ಜಾಲದಲ್ಲಿ ನೇರ ಪ್ರಸಾರವಾಗಬೇಕು. ನಟ ಶಯಾ ಲಬಫ್, ರಾನ್ಕೊ ಮತ್ತು ಟರ್ನರ್ ಎಂಬ ಮೂವರ ಯೋಜನೆ ಇದು.

ನಡೆದದ್ದೇ ಬೇರೆ. ಜಾಲದಲ್ಲಿ ಹೆಸರಿಲ್ಲದೆ ಬರೆಯುತ್ತಿದ್ದ ಬಿಳಿಯ ಜನಾಂಗವಾದಿಗಳು ಮೈಯಿಟ್ಟುಕೊಂಡು ಬಂದರು. ಕೆಲವರು ಅಂಗಿ ಬಿಚ್ಚಿ ಕ್ಯಾಮರಾದ ಮುಂದೆ ಹಾಲು ಕುಡಿದರು. ಹಾಲು ಅರಗಿಸಿಕೊಳ್ಳುವುದು ಬಿಳಿಯರ ಹೆಚ್ಚುಗಾರಿಕೆ ಅಂತ ಅವರ ಹಮ್ಮು. ಫೆಬ್ರವರಿ 10ಕ್ಕೆ ಮ್ಯೂಸಿಯಂ ಬಾಗಿಲು ಹಾಕಿತು. ಕೃತಿ ಆಲ್ಬುಕರ್ಕಿಗೆ ಹೋಯಿತು. ಅಲ್ಲೂ ನಿಲ್ಲಲಿಲ್ಲ. ಮಾರ್ಚಿನಲ್ಲಿ ಅದೇ ಸಾಲಿನ ಬಾವುಟವೊಂದನ್ನು ಗುಟ್ಟಾದ ಜಾಗದಲ್ಲಿ ಹಾರಿಸಿ, ಬರೀ ಬಾವುಟ, ಆಕಾಶ ತೋರಿಸಿದರು. ವಿಮಾನಗಳ ಹೊಗೆಗೆರೆ, ನಕ್ಷತ್ರಗಳ ಜಾಗ ಲೆಕ್ಕ ಹಾಕಿ, ಕೊನೆಗೆ ಒಬ್ಬ ಕಾರಿನ ಹಾರ್ನ್ ಬಾರಿಸುತ್ತ ಸುತ್ತಾಡಿ, ಅದು ಟೆನೆಸಿಯ ಗ್ರೀನ್‌ವಿಲ್ ಎಂದು ಎರಡೇ ದಿನಗಳಲ್ಲಿ ಪತ್ತೆಮಾಡಿದರು. ಬಾವುಟ ಇಳಿಯಿತು, ಟ್ರಂಪ್ ಟೋಪಿ ಏರಿತು.

ಜಾಲದ ರಾಜಕೀಯ ಬೀದಿಗೆ ಚೆಲ್ಲಿತು ಎಂದು ಇದನ್ನು ಓದುವುದು ಸುಲಭ. ದಲಿತ ವಿಮರ್ಶೆ ಈ ಓದನ್ನು ಒಪ್ಪಬೇಕಿಲ್ಲ. ಬೀದಿಯಲ್ಲಿ ಮೊದಲೇ ಇದ್ದ ದ್ವೇಷ ತಂತಿಯೊಳಗೆ ಹೊಕ್ಕು, ಬಲಿತು, ತನ್ನ ಮನೆಗೇ ವಾಪಸು ಬಂದಿದೆ, ಅಷ್ಟೆ. ಅದಕ್ಕೆ ತಂತಿಯೇ ಬೇಕೆಂದೂ ಇಲ್ಲ. ಮಹಾಡದ ಚೌಡಾರ್ ಕೆರೆಯನ್ನೇ ನೋಡಿ. 1923ರಲ್ಲಿ ಬಾಂಬೆ ಶಾಸನಸಭೆ ಸಾರ್ವಜನಿಕ ನೀರು ಎಲ್ಲರದೂ ಎಂದು ನಿರ್ಣಯ ಮಾಡಿತ್ತು. ಕಾಗದದ ಮೇಲೆ ‘ಎಲ್ಲರೂ’ ಇದ್ದರು. 1927ರ ಮಾರ್ಚ್ 20ರಂದು ಬಾಬಾಸಾಹೇಬರೊಡನೆ ಸಾವಿರಾರು ಜನ ಹೋಗಿ ನೀರು ಕುಡಿದಾಗ, ಇವರು ದೇವಸ್ಥಾನಕ್ಕೂ ನುಗ್ಗುತ್ತಾರಂತೆ ಎಂಬ ಒಂದು ಗಾಳಿಸುದ್ದಿ ಸಾಕಾಯಿತು. ಏಟು ಬಿತ್ತು. ಆಮೇಲೆ ಹಾಲು, ಮೊಸರು, ಸಗಣಿ, ಗಂಜಲ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಕ್ವೀನ್ಸ್‌ನಲ್ಲಿ ಕುಡಿದ ಹಾಲು, ಮಹಾಡದಲ್ಲಿ ಸುರಿದ ಹಾಲು: ಜನಾಂಗ ಬೇರೆ, ಜಾತಿ ಬೇರೆ, ಆದರೆ ಮಡಿಯ ಭಾಷೆ ಒಂದೇ.

ಕಲಾವಿದರ ಆಶಯದ ಬಗ್ಗೆ ತಕರಾರಿಲ್ಲ. ತಕರಾರಿರುವುದು ಆ ‘ನಮ್ಮನ್ನು’ ಎಂಬ ಪದದ ಬಗ್ಗೆ. ಅದು ಇನ್ನೂ ಒಡೆಯದ ಒಂದು ‘ನಾವು’ ಇದೆ ಎಂದು ನಂಬಿಕೊಂಡಿದೆ. ಟ್ರಂಪ್ ಬರುವ ಮುಂಚೆ ಕಪ್ಪುಜನ, ಬಿಳಿಯರು ಒಂದೇ ಆಗಿದ್ದರೇನು? ಊರು, ಕೇರಿ ಎಂದು ಸೀಳಿದ ನೆಲದಲ್ಲಿ ಹುಟ್ಟಿದವರಿಗೆ ಈ ಭ್ರಮೆಯ ಸುಖ ಸಿಕ್ಕಿಲ್ಲ. ನಮಗೆ ‘ನಾವು’ ಎಂಬುದು ಗೋಡೆಯ ಮೇಲೆ ಬರೆಯುವ ಮಾತಲ್ಲ, ಕಟ್ಟಬೇಕಾದ ಕೆಲಸ. ಕ್ಯಾಮರಾದ ಮುಂದೆ ಜನ ಬಿಡಿಬಿಡಿಯಾಗಿ ಬಂದರು, ತಮ್ಮ ಮುಖಗಳನ್ನು ಎದುರಾಳಿಗೂ ಕೊಟ್ಟರು. ಮಹಾಡಕ್ಕೆ ಜನ ಸಂಘಟಿತರಾಗಿ ಬಂದಿದ್ದರು. ಪೆಟ್ಟು ತಿಂದ ಮೇಲೆ ಬೇರೆ ಕೆರೆ ಹುಡುಕಲಿಲ್ಲ. ಅದೇ ಕೆರೆಗಾಗಿ ಹತ್ತು ವರ್ಷ ಬಡಿದಾಡಿ 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು.

ಹಾಗಂತ ಈ ಕೃತಿ ಸೋತಿತು ಎಂದು ಕೈತೊಳೆದುಕೊಳ್ಳುವಂತಿಲ್ಲ. ಅದು ತಾನು ಹೇಳಹೊರಟದ್ದನ್ನು ಹೇಳಲಿಲ್ಲ, ನಿಜವನ್ನು ಹೇಳಿತು: ‘ಎಲ್ಲರಿಗೂ ತೆರೆದಿದೆ’ ಎಂಬ ಬೋರ್ಡಿನ ಹಿಂದೆ ಯಾರ ಕಾವಲಿದೆ ಎಂಬುದನ್ನು. ಆದರೂ ಒಂದು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಆ ಬಾವುಟವನ್ನು ಹುಡುಕಲು ನಕ್ಷತ್ರ ನೋಡಬೇಕಾಯ್ತು. ಕೇರಿಯ ನೀಲಿ ಬಾವುಟ ಎಲ್ಲಿದೆ ಅಂತ ಊರಿಗೆಲ್ಲ ಗೊತ್ತು. ಅದನ್ನು ಬಚ್ಚಿಡಲು ಬರುವುದಿಲ್ಲ, ಕಾಯಬೇಕು.