ಗಾಳಿವಿದ್ಯುತ್ತಿನ ಜಮಾಖರ್ಚು: ಜೀವನಚಕ್ರ ವಿಶ್ಲೇಷಣೆಯ ಒಂದು ವಿಮರ್ಶೆ

ಒಂದು ವಸ್ತುವಿನಿಂದ ಜಗತ್ತಿಗೆ ಒದಗುವ ಹಾನಿಯನ್ನು ಅದು ಕಣ್ಣೆದುರಿಗೆ ಇರುವಷ್ಟು ಕಾಲಕ್ಕೆ ಮಾತ್ರ ಅಳೆದರೆ ಆ ಅಳತೆ ಅಪೂರ್ಣವಾಗುತ್ತದೆ. ಬೆಟ್ಟದ ನೆತ್ತಿಯಲ್ಲಿ ನಿಂತು ತಿರುಗುವ ಗಾಳಿಯಂತ್ರ ಹೊಗೆಯುಗುಳುವುದಿಲ್ಲ, ಬೂದಿ ಚೆಲ್ಲುವುದಿಲ್ಲ. ಆದುದರಿಂದಲೇ ಅದು ಕೊಡುವ ವಿದ್ಯುತ್ತಿಗೆ 'ನಿರ್ಮಲ' ಎಂಬ ವಿಶೇಷಣ ಅನಾಯಾಸವಾಗಿ ದೊರೆತಿದೆ. ಚಿತ್ರದುರ್ಗದ ಗುಡ್ಡಗಳಲ್ಲಿ, ಗದಗದ ಕಪ್ಪತಗುಡ್ಡದ ಸಾಲಿನಲ್ಲಿ ಈ ಯಂತ್ರಗಳನ್ನು ದೂರದಿಂದ ನೋಡುವವರಿಗೂ ಹಾಗೆಯೇ ತೋರುವುದು ಸಹಜ. ಈ ವಿಶೇಷಣ ಎಷ್ಟರಮಟ್ಟಿಗೆ ಸಲ್ಲತಕ್ಕದ್ದು ಎಂಬುದನ್ನು ನಿರ್ಣಯಿಸಲು ಇಂದು ಬಳಕೆಯಲ್ಲಿರುವ ಮುಖ್ಯ ವಿಧಾನವೆಂದರೆ ಜೀವನಚಕ್ರ ವಿಶ್ಲೇಷಣೆ. ಆ ವಿಧಾನ ಏನನ್ನು ಬೆಳಕಿಗೆ ತರುತ್ತದೆ, ಏನನ್ನು ಕತ್ತಲಲ್ಲಿ ಬಿಡುತ್ತದೆ ಎಂಬುದು ವಿವೇಚನೆಗೆ ಯೋಗ್ಯವಾದ ವಿಷಯ.

ಈ ವಿಧಾನದ ಮೂಲ ತೀರ ಲೌಕಿಕವಾದದ್ದು. 1969ರಲ್ಲಿ ಅಮೆರಿಕದ ಒಂದು ಪಾನೀಯ ಸಂಸ್ಥೆ ತನ್ನ ಬಾಟಲಿಗಳನ್ನು ಯಾವ ವಸ್ತುವಿನಿಂದ ಮಾಡಿದರೆ ಎಷ್ಟು ಕಚ್ಚಾವಸ್ತು, ಎಷ್ಟು ಇಂಧನ, ಎಷ್ಟು ಕಸ ಎಂದು ತಿಳಿಯಬಯಸಿ ಅಧ್ಯಯನ ಮಾಡಿಸಿತು. ಅಲ್ಲಿಂದ ಬೆಳೆದ ಶಾಸ್ತ್ರಕ್ಕೆ 1997ರಲ್ಲಿ ಐಎಸ್‌ಒ 14040 ಎಂಬ ಅಂತಾರಾಷ್ಟ್ರೀಯ ಮಾನಕ ದೊರೆಯಿತು. 2006ರಲ್ಲಿ ಅದು ಪರಿಷ್ಕೃತವಾಯಿತು. ಅದರಲ್ಲಿ ನಾಲ್ಕು ಹಂತಗಳಿವೆ: ಉದ್ದೇಶವನ್ನೂ ಎಲ್ಲೆಯನ್ನೂ ಗೊತ್ತುಪಡಿಸುವುದು, ಒಳಬಂದುದನ್ನೂ ಹೊರಹೋದುದನ್ನೂ ಪಟ್ಟಿಮಾಡುವುದು, ಪರಿಣಾಮವನ್ನು ಅಳೆಯುವುದು, ಕೊನೆಗೆ ಅರ್ಥೈಸುವುದು.

ಗಾಳಿಯಂತ್ರಕ್ಕೆ ಇದನ್ನು ಅನ್ವಯಿಸಿದಾಗ ಲೆಕ್ಕ ಗಣಿಯಿಂದ ಆರಂಭವಾಗುತ್ತದೆ. ಗೋಪುರಕ್ಕೆ ಬೇಕಾದ ಉಕ್ಕು, ಅದನ್ನು ಕರಗಿಸಲು ಉರಿದ ಕಲ್ಲಿದ್ದಲು, ತಳಪಾಯದ ಸಿಮೆಂಟು, ರೆಕ್ಕೆಗಳ ಗಾಜಿನ ನಾರು ಮತ್ತು ರಾಳ, ತಾಮ್ರದ ತಂತಿ, ಕೆಲವು ಮಾದರಿಗಳಲ್ಲಿ ನಿಯೋಡಿಮಿಯಂ ಸೇರಿದ ಅಯಸ್ಕಾಂತ, ಸಾಗಣೆ, ಕ್ರೇನು, ದುರಸ್ತಿಯ ಎಣ್ಣೆ, ಕೊನೆಗೆ ಕಳಚುವ ಕೆಲಸ — ಇವೆಲ್ಲವನ್ನೂ ಕೂಡಿಸಿ, ಇಪ್ಪತ್ತು ಅಥವಾ ಇಪ್ಪತ್ತೈದು ವರ್ಷಗಳ ಆಯುಷ್ಯದಲ್ಲಿ ಯಂತ್ರ ಉತ್ಪಾದಿಸುವ ಯೂನಿಟ್ಟುಗಳಿಂದ ಭಾಗಿಸಲಾಗುತ್ತದೆ. ಬರುವ ಉತ್ತರವೇ ಒಂದು ಯೂನಿಟ್ ವಿದ್ಯುತ್ತಿನ ಪರಿಸರ ಭಾರ.

ಆ ಉತ್ತರ ಗಾಳಿಗೆ ಅನುಕೂಲವಾಗಿಯೇ ಇದೆ. ಹವಾಮಾನ ಬದಲಾವಣೆಯ ಕುರಿತ ಅಂತರಸರ್ಕಾರಿ ಮಂಡಳಿಯ 2014ರ ವರದಿಯ ಪ್ರಕಾರ ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿಗೆ ಇಂಗಾಲದ ಡೈಆಕ್ಸೈಡಿಗೆ ಸಮಾನವಾಗಿ ಲೆಕ್ಕಹಾಕಿದ ಹಸಿರುಮನೆ ಅನಿಲಗಳ ಮಧ್ಯಮ ಮೌಲ್ಯ 820 ಗ್ರಾಂ. ನೆಲದ ಮೇಲಿನ ಗಾಳಿಯಂತ್ರಕ್ಕೆ ಅದು 11 ಗ್ರಾಂ. ತಯಾರಿಕೆಗೆ ವ್ಯಯವಾದ ಶಕ್ತಿಯನ್ನು ಯಂತ್ರ ಒಳ್ಳೆಯ ಗಾಳಿಯಿರುವಲ್ಲಿ ಸಾಮಾನ್ಯವಾಗಿ ಒಂದು ವರ್ಷದೊಳಗೆ ಮರಳಿಸುತ್ತದೆ. ಈ ಅಂತರವನ್ನು ಯಾವ ತರ್ಕದಿಂದಲೂ ಅಳಿಸಲಾಗದು. ಗಾಳಿಯಂತ್ರದ ದೋಷಗಳನ್ನು ಎತ್ತಿ ತೋರಿಸಿ ಕಲ್ಲಿದ್ದಲಿಗೆ ಸಮರ್ಥನೆ ಹುಡುಕುವವರಿಗೆ ಈ ಶಾಸ್ತ್ರದಲ್ಲಿ ಆಸರೆಯಿಲ್ಲ.

ಶಾಸ್ತ್ರದ ನೈತಿಕ ಮೌಲ್ಯವೂ ಗೌಣವಲ್ಲ. ಕೈಯಾರೆ ಮಾಡಿದ್ದು, ಮಾಡಿಸಿದ್ದು, ಮಾಡಿದವರನ್ನು ಅನುಮೋದಿಸಿದ್ದು ಈ ಮೂರಕ್ಕೂ ಹೊಣೆಯುಂಟೆಂದು ತಿಳಿದವರಿಗೆ ಇದು ಅಪರಿಚಿತ ವಿಚಾರವಲ್ಲ. ಮನೆಯ ದೀಪದ ಗುಂಡಿಯನ್ನು ಒತ್ತಿದ ಬೆರಳಿಗೂ ಚೀನದ ಒಳಮಂಗೋಲಿಯದಲ್ಲಿ ಅಪರೂಪದ ಲೋಹಗಳನ್ನು ತೆಗೆದು ಉಳಿದ ಕೆಸರು ತುಂಬಿದ ಕೆರೆಗೂ ಸಂಬಂಧವಿರಬಹುದೆಂದು ಅಂಕಿಗಳ ಮೂಲಕ ತೋರಿಸಿಕೊಟ್ಟದ್ದು ಈ ವಿಧಾನದ ಹಿರಿಮೆ. ಆದರೆ ಹೊಣೆಯನ್ನು ಎಣಿಸುವ ಸಾಧನವೇ ಹೊಣೆಯಿಂದ ಬಿಡುಗಡೆಯ ಪತ್ರವಾಗಿ ಬಳಕೆಯಾಗತೊಡಗಿದಾಗ ಅದನ್ನು ಪರೀಕ್ಷಿಸುವುದು ಅವಶ್ಯವಾಗುತ್ತದೆ.

ಮೊದಲನೆಯ ಆಕ್ಷೇಪ ಊಹೆಗಳಿಗೆ ಸಂಬಂಧಿಸಿದ್ದು. 11 ಗ್ರಾಂ ಎಂಬುದು ಮಧ್ಯಮ ಮೌಲ್ಯ ಮಾತ್ರ; ಅದೇ ವರದಿ ಕೊಡುವ ವ್ಯಾಪ್ತಿ 7ರಿಂದ 56ರವರೆಗೆ ಹಬ್ಬಿದೆ. ಗಾಳಿಯ ವೇಗ, ಯಂತ್ರದ ಆಯುಷ್ಯ, ಉಕ್ಕಿನ ಮೂಲ, ಮರುಬಳಕೆಯ ನಿರೀಕ್ಷೆ ಇವುಗಳಲ್ಲಿ ಯಾವುದನ್ನು ಹೇಗೆ ಊಹಿಸಿದರೆಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮರುಬಳಕೆಯ ಲೆಕ್ಕವಂತೂ ವಿಚಿತ್ರವಾದದ್ದು. ಇಪ್ಪತ್ತು ವರ್ಷಗಳ ತರುವಾಯ ಗೋಪುರದ ಉಕ್ಕು ಮತ್ತೆ ಕುಲುಮೆ ಸೇರುವುದೆಂದು ಭಾವಿಸಿ, ಅದರ ಪುಣ್ಯವನ್ನು ಇಂದೇ ಜಮಾ ಮಾಡಿಕೊಳ್ಳುವ ಪದ್ಧತಿಯೂ ಇದೆ. ಮಾಡಲಿರುವ ಒಳಿತನ್ನು ಮಾಡಿದ ಕೆಡುಕಿನಲ್ಲಿ ವಜಾ ಮಾಡುವ ಇಂಥ ಲೆಕ್ಕ ಎಚ್ಚರದಿಂದ ಓದತಕ್ಕದ್ದು. ಭಾರತದಲ್ಲಿ ಒಳ್ಳೆಯ ಗಾಳಿಯ ಜಾಗಗಳಲ್ಲಿ ಹಳೆಯ ಸಣ್ಣ ಯಂತ್ರಗಳೇ ಹಲವೆಡೆ ನಿಂತಿವೆ. ಅವುಗಳ ಸ್ಥಾನದಲ್ಲಿ ದೊಡ್ಡವನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2023ರಲ್ಲಿ ಹೊಸ ನೀತಿಯನ್ನು ಪ್ರಕಟಿಸಿತು. ಯಂತ್ರ ತನ್ನ ಲೆಕ್ಕದ ಆಯುಷ್ಯಕ್ಕೆ ಮುಂಚೆಯೇ ಇಳಿದರೆ ಅದೇ ಉಕ್ಕಿನ ಭಾರ ಕಡಿಮೆ ಯೂನಿಟ್ಟುಗಳ ಮೇಲೆ ಬೀಳುತ್ತದೆಂಬುದನ್ನು ಮರೆಯಲಾಗದು.

ರೆಕ್ಕೆಗಳ ವಿಷಯವೂ ಇಲ್ಲಿ ಸೇರುತ್ತದೆ. ಯಂತ್ರದ ತೂಕದಲ್ಲಿ ನೂರಕ್ಕೆ 85ಕ್ಕೂ ಹೆಚ್ಚು ಭಾಗ ಮರುಬಳಕೆಗೆ ಯೋಗ್ಯ ಎಂಬ ಹೇಳಿಕೆ ನಿಜ. ಉಳಿದ ಭಾಗದಲ್ಲಿ ಮುಖ್ಯವಾದದ್ದೇ ರೆಕ್ಕೆ. ಗಾಜಿನ ನಾರಿಗೆ ಒಮ್ಮೆ ಗಟ್ಟಿಯಾದ ರಾಳ ಬೆಸೆದುಕೊಂಡರೆ ಅದನ್ನು ಲೋಹದಂತೆ ಕರಗಿಸಿ ಬೇರ್ಪಡಿಸಲಾಗದು. ಅಮೆರಿಕದ ವ್ಯೋಮಿಂಗ್ ಸಂಸ್ಥಾನದ ಕ್ಯಾಸ್ಪರ್ ನಗರದ ಕಸದ ಹೊಲದಲ್ಲಿ ಕತ್ತರಿಸಿದ ರೆಕ್ಕೆಗಳನ್ನು ಸಾಲಾಗಿ ಮಲಗಿಸಿ ಮಣ್ಣು ಮುಚ್ಚುತ್ತಿದ್ದ ಚಿತ್ರಗಳು 2020ರಲ್ಲಿ ಜಗತ್ತಿನಾದ್ಯಂತ ಪ್ರಕಟವಾದವು. ಗ್ರಾಂ ಲೆಕ್ಕದಲ್ಲಿ ಇದು ಅತ್ಯಲ್ಪ. ಮಣ್ಣಿನಲ್ಲಿ ಕರಗದೆ ಉಳಿಯುವ ವಸ್ತುವನ್ನು ಮುಂದಿನ ತಲೆಮಾರಿಗೆ ಬಿಟ್ಟುಹೋಗುವ ಪ್ರಶ್ನೆ ಮಾತ್ರ ಗ್ರಾಮಿನಲ್ಲಿ ತೂಗುವಂಥದಲ್ಲ.

ಎರಡನೆಯ ಆಕ್ಷೇಪ ಎಲ್ಲೆಗೆ ಸಂಬಂಧಿಸಿದ್ದು. ಎಷ್ಟೋ ವಿಶ್ಲೇಷಣೆಗಳು ವಿದ್ಯುತ್ತು ಜಾಲವನ್ನು ಸೇರುವಲ್ಲಿಗೆ ಲೆಕ್ಕವನ್ನು ಮುಗಿಸುತ್ತವೆ. ಅಲ್ಲಿಂದ ಮುಂದೆ ಹರಿಯುವ ತಂತಿಗಳಿಗೆ ಬಡಿದು ಸಾಯುವ ಹಕ್ಕಿಗಳು ಆ ಗೆರೆಯ ಆಚೆ ಉಳಿಯುತ್ತವೆ. ಕರ್ನಾಟಕದ ಬಯಲುಸೀಮೆಯವರು ಎರೆಭೂತವೆಂದು ಕರೆಯುವ ಹೆಬ್ಬಕ ಇಂದು ಅಳಿವಿನ ಅಂಚಿನಲ್ಲಿದೆ. ರಾಜಸ್ಥಾನ ಹಾಗೂ ಗುಜರಾತಿನಲ್ಲಿ ಅದರ ನೆಲೆಗಳ ಮೇಲೆ ಹಾಯುವ, ಗಾಳಿ ಮತ್ತು ಸೌರ ವಿದ್ಯುತ್ತನ್ನೂ ಒಯ್ಯುವ ತಂತಿಗಳನ್ನು ನೆಲದಡಿ ಹಾಯಿಸಬೇಕೆಂದು ಸುಪ್ರೀಂ ಕೋರ್ಟು 2021ರ ಏಪ್ರಿಲ್‌ನಲ್ಲಿ ಆದೇಶಿಸಿತು. 2024ರ ಮಾರ್ಚ್‌ನಲ್ಲಿ ಆ ವ್ಯಾಪಕ ಆದೇಶವನ್ನು ಹಿಂತೆಗೆದು ತಜ್ಞರ ಸಮಿತಿಯನ್ನು ನೇಮಿಸಿತು. ಆದೇಶದ ಮಾರ್ಪಾಡಿಗೆ ಸರ್ಕಾರ ಮುಂದಿಟ್ಟ ಕಾರಣಗಳಲ್ಲಿ ಹವಾಮಾನದ ಗುರಿಗಳೂ ಇದ್ದವು. ಒಂದು ಲೆಕ್ಕದಲ್ಲಿ ಗಳಿಸಿದ 'ನಿರ್ಮಲ' ಎಂಬ ಹೆಸರು ಆ ಲೆಕ್ಕಕ್ಕೆ ಸೇರದ ಜೀವಿಯ ವಿರುದ್ಧ ವಾದವಾಗಿ ನಿಲ್ಲಬಲ್ಲದೆಂಬುದಕ್ಕೆ ಇದೊಂದು ನಿದರ್ಶನ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ಗುರುತರವಾದದ್ದು. ಜೀವನಚಕ್ರ ವಿಶ್ಲೇಷಣೆ ಸರಾಸರಿಯ ಶಾಸ್ತ್ರ. ಜೀವಿಯಾದರೋ ಒಂದು ನಿರ್ದಿಷ್ಟ ನೆಲದಲ್ಲಿ ಬದುಕುತ್ತದೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಚಾಳಕೇವಾಡಿಯಲ್ಲಿ, ಸಹ್ಯಾದ್ರಿಯ ಮೇಲಿನ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯಲ್ಲಿ, ಬಹುಕಾಲದಿಂದ ಗಾಳಿಯಂತ್ರಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಥಾಕರ್ ಹಾಗೂ ಅವರ ಸಂಗಡಿಗರು ಅಲ್ಲಿ ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಯಂತ್ರಗಳಿರುವ ಭಾಗದಲ್ಲಿ ಬೇಟೆಹಕ್ಕಿಗಳ ಸಂಖ್ಯೆ ಯಂತ್ರಗಳಿಲ್ಲದ ಭಾಗಕ್ಕಿಂತ ಸುಮಾರು ನಾಲ್ಕು ಪಟ್ಟು ಕಡಿಮೆಯಿತ್ತು. ಹಿಡಿದು ತಿನ್ನುವವು ತೊಲಗಿದ್ದರಿಂದ ಬೀಸಣಿಗೆ ಕೊರಳಿನ ಓತಿಕೇತಗಳ ಸಂಖ್ಯೆ ಹೆಚ್ಚಿತ್ತು. ಅವುಗಳ ರಕ್ತದಲ್ಲಿ ಒತ್ತಡದ ಹಾರ್ಮೋನು ಕಡಿಮೆಯಿತ್ತು. ಮನುಷ್ಯ ಸಮೀಪಿಸಿದರೂ ಅವು ಬೇಗನೆ ಓಡುತ್ತಿರಲಿಲ್ಲ. ಸಂಖ್ಯೆ ಹೆಚ್ಚಿದ್ದರೂ ಮೈ ಬಡವಾಗಿತ್ತು, ಗಂಡುಗಳ ಕೊರಳಿನ ಬಣ್ಣ ಮಂಕಾಗಿತ್ತು.

ಈ ಸಂಗತಿಯನ್ನು ಜಮಾಖರ್ಚಿನ ಯಾವ ಕಡೆ ಬರೆಯಬೇಕು? ಓತಿಕೇತಗಳು ಸಾಯಲಿಲ್ಲ, ಹೆಚ್ಚಿದವು. ಎಲ್ಲ ಬೇಟೆಹಕ್ಕಿಗಳೂ ಸತ್ತವೆನ್ನಲಾಗದು, ನೆಲೆಯನ್ನು ತೊರೆದವು. ಹಾನಿ ಒಂದು ಸಾವಿನ ಎಣಿಕೆಯಾಗಿರದೆ ಜೀವಿಗಳ ಪರಸ್ಪರ ಸಂಬಂಧದ ಸಡಿಲಿಕೆಯಾಗಿದೆ. ಹಕ್ಕಿಗಳ ಡಿಕ್ಕಿಯನ್ನೂ ನೆಲೆಯ ನಷ್ಟವನ್ನೂ ವಿಶ್ಲೇಷಣೆಯಲ್ಲಿ ಸೇರಿಸುವ ಪ್ರಯತ್ನಗಳು ಇತ್ತೀಚೆಗೆ ನಡೆದಿವೆ, ಅವು ಸ್ವಾಗತಾರ್ಹ. ಆದರೂ ಚಾಳಕೇವಾಡಿಯ ಬದಲಾವಣೆಯನ್ನು ಯೂನಿಟ್ಟುಗಳಿಂದ ಭಾಗಿಸಿದೊಡನೆ ಅದು ಸೊನ್ನೆಗೆ ಸಮೀಪವಾಗಿ ಕರಗಿಹೋಗುತ್ತದೆ. ಭಾಗಾಕಾರದಿಂದ ಮಾಯವಾದದ್ದು ಲೋಕದಿಂದ ಮಾಯವಾಗುವುದಿಲ್ಲ.

ಇದು ಪಂಡಿತರ ನಡುವಣ ಸೂಕ್ಷ್ಮ ಚರ್ಚೆ ಮಾತ್ರವೆಂದು ಬದಿಗಿಡುವಂತಿಲ್ಲ. ಭಾರತದ 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಪೂರ್ವಾನುಮತಿ ಪಡೆಯಬೇಕಾದ ಯೋಜನೆಗಳ ಪಟ್ಟಿಯಲ್ಲಿ ಗಾಳಿವಿದ್ಯುತ್ತು ಸೇರಿಲ್ಲ. ಅರಣ್ಯಭೂಮಿಯಾದರೆ ಅದರ ನಿಯಮಗಳು ಅನ್ವಯಿಸುತ್ತವೆ. ಹುಲ್ಲುಗಾವಲೋ ಬಂಡೆಯ ಬಯಲೋ ಆದರೆ ಅಲ್ಲಿ ಯಾರು ಬದುಕಿದ್ದಾರೆಂದು ಕೇಳುವ ಕಡ್ಡಾಯ ಯಾರಿಗೂ ಬಹುಮಟ್ಟಿಗೆ ಇಲ್ಲ. ಕೇಳುವವರಿಲ್ಲದೆಡೆ ಜಾಗತಿಕ ಸರಾಸರಿಯ ಒಂದು ಅಂಕಿ ಸ್ಥಳೀಯ ಸಾಕ್ಷಿಯ ಸ್ಥಾನವನ್ನು ಆಕ್ರಮಿಸುತ್ತದೆ.

ಭೂಮಿ ಬಿಸಿಯಾದರೆ ಆ ಓತಿಕೇತವೂ ಉಳಿಯದು, ಆದುದರಿಂದ ಚಿಕ್ಕ ಹಾನಿಯನ್ನು ಸಹಿಸಬೇಕು ಎಂಬ ಪ್ರತಿವಾದ ಬಲವಾದದ್ದೇ. ಆದರೆ ಅನಿವಾರ್ಯವಾದ ಹಾನಿಗೂ ಅಲಕ್ಷ್ಯದಿಂದಾದ ಹಾನಿಗೂ ಭೇದವಿದೆ. ನಾರ್ವೆಯ ಸ್ಮೊಲಾ ದ್ವೀಪದಲ್ಲಿ ನಾಲ್ಕು ಯಂತ್ರಗಳ ಮೂರು ರೆಕ್ಕೆಗಳಲ್ಲಿ ಒಂದೊಂದಕ್ಕೆ ಕಪ್ಪು ಬಣ್ಣ ಬಳಿದಾಗ ಹಕ್ಕಿಗಳ ಸಾವು ನೂರಕ್ಕೆ 70ಕ್ಕೂ ಹೆಚ್ಚು ಇಳಿಯಿತೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಯಂತ್ರಗಳ ಸಂಖ್ಯೆ ಅಲ್ಪವಾದುದರಿಂದ ಅದನ್ನು ಎಲ್ಲೆಡೆಗೂ ಅನ್ವಯಿಸಲಾಗದು. ಆದರೂ ಒಂದು ಡಬ್ಬಿ ಬಣ್ಣದಿಂದ ತಪ್ಪಿಸಬಹುದಾದ ಸಾವನ್ನು ಅನಿವಾರ್ಯವೆಂದು ಕರೆಯುವುದು ಸತ್ಯಕ್ಕೆ ದೂರ. ಜೀವಸಮೃದ್ಧವಾದ ಪ್ರಸ್ಥಭೂಮಿಯನ್ನು ಬಿಟ್ಟು ಈಗಾಗಲೇ ಉಳುಮೆಯಾದ, ಕೆಟ್ಟುಹೋದ ನೆಲವನ್ನು ಆರಿಸುವುದೂ ಇಂಥದೇ ವಿವೇಕ.

ಈ ಶಾಸ್ತ್ರ ಕೇಳದೆ ಬಿಡುವ ಪ್ರಶ್ನೆ ಇನ್ನೊಂದಿದೆ. ಅದರ ಅಳತೆಗೋಲೇ ಒಂದು ಯೂನಿಟ್ ವಿದ್ಯುತ್ತು. ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ದೀಪಕ್ಕೆ ಉರಿದ ಯೂನಿಟ್ಟೂ ನಡುರಾತ್ರಿ ಯಾರೂ ನೋಡದ ಜಾಹೀರಾತು ಫಲಕಕ್ಕೆ ಉರಿದ ಯೂನಿಟ್ಟೂ ಅದಕ್ಕೆ ಸಮಾನ. ಯೂನಿಟ್ಟನ್ನು ಹೇಗೆ ಉತ್ಪಾದಿಸಬೇಕೆಂದು ಅದು ಹೇಳಬಲ್ಲದು. ಎಷ್ಟು ಬೇಕೆಂದು ಹೇಳಲಾರದು. ಆ ಮಿತಿಯನ್ನು ಬಳಸುವವರೇ ತಮಗೆ ತಾವೇ ಹಾಕಿಕೊಳ್ಳಬೇಕು.

ಹೀಗಿರುವಲ್ಲಿ ಜೀವನಚಕ್ರ ವಿಶ್ಲೇಷಣೆಯನ್ನು ತಿರಸ್ಕರಿಸುವುದೂ ಸಲ್ಲದು, ಅಂತಿಮ ತೀರ್ಪೆಂದು ಸ್ವೀಕರಿಸುವುದೂ ಸಲ್ಲದು. ಕಲ್ಲಿದ್ದಲಿಗಿಂತ ಗಾಳಿ ಮೇಲೆಂದು ಅದು ನಿಸ್ಸಂದೇಹವಾಗಿ ತೋರಿಸಿದೆ. ಆ ಕಾರ್ಯಕ್ಕೆ ಅದಕ್ಕೆ ಮನ್ನಣೆ ಸಲ್ಲಬೇಕು. ಯಂತ್ರ ನಿಲ್ಲುವ ನೆಲದ ಮೇಲೆ ಯಾರಿದ್ದಾರೆ, ಅವರಿಗೇನಾಗುತ್ತದೆ ಎಂಬ ಇನ್ನೊಂದು ಲೆಕ್ಕಪುಸ್ತಕ ಅದರ ಪಕ್ಕದಲ್ಲಿ ಇರಬೇಕು. ಕಡಿಮೆ ಹಾನಿಯೆಂಬುದು ಮೆಚ್ಚತಕ್ಕ ಗುಣವೇ ಹೌದು; ಅದನ್ನು ಹಾನಿಯೇ ಇಲ್ಲವೆಂದು ಓದಿಕೊಳ್ಳದಿರುವುದು ವಿವೇಕಿಗಳ ಕರ್ತವ್ಯ.