ಮೂರನೇ ಡಿಕಾಕ್ಷನ್ನಿನ ಕಹಿ

ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್ ಸುತ್ತಮುತ್ತ ಇರುವ ಕನ್ನಡದ ಮನೆಗಳಲ್ಲಿ ಕಾಫಿಯ ಮಾತು ಬಂದರೆ ಒಂದೇ ದೂರು. ಪುಡಿ ಊರಿಂದ ತಂದದ್ದು, ಹಾಲು ಇಲ್ಲಿಯ ಹುಲ್ಲು ಮೇಯ್ದ ಹಸುಗಳ ಗಟ್ಟಿ ಹಾಲು, ಮೆಷೀನೂ ಅಗ್ಗದ್ದಲ್ಲ. ಆದರೂ ಕಾಫಿ ಕಹಿ. ಸ್ಟ್ರಾಂಗ್ ಕಾಫಿಯಲ್ಲಿ ನಾವೇ ಬಯಸುವ ಕಹಿ ಅಲ್ಲ ಅದು. ನುಂಗಿದ ಮೇಲೂ ಗಂಟಲಿನಲ್ಲಿ ಉಳಿಯುವ, ಒಗರು ಬೆರೆತ ಕಹಿ. ದೂರಿನ ಬೆನ್ನಿಗೇ ಸಲಹೆಗಳೂ ಬರುತ್ತವೆ: ಪುಡಿ ಒಂದು ಚಮಚ ಕಡಿಮೆ ಹಾಕಿ ನೋಡಿ, ಸಕ್ಕರೆ ಹೆಚ್ಚು ಮಾಡಿ, ಇಲ್ಲಿಯ ನೀರೇ ಸರಿಯಿಲ್ಲ. ಇವುಗಳಲ್ಲಿ ಕಾಫಿಯನ್ನು ಹೆಚ್ಚು ಕೆಡಿಸುವುದು ಮೊದಲನೆಯದು. ಅದನ್ನೇ ಎಲ್ಲರೂ ಮೊದಲು ಪಾಲಿಸುತ್ತಾರೆ. ಡ್ರಿಪ್ ಮೆಷೀನಿನಲ್ಲಿ ನೀರು ಅಷ್ಟೇ ಇಟ್ಟು ಪುಡಿ ಕಡಿಮೆ ಮಾಡುತ್ತ ಹೋದರೆ ಕಾಫಿ ತೆಳುವಾಗುತ್ತದೆ, ಆ ಕೆಟ್ಟ ಕಹಿ ಮಾತ್ರ ಇನ್ನಷ್ಟು ಎದ್ದು ಕಾಣುತ್ತದೆ.

ಯಾಕೆಂದು ತಿಳಿಯಲು ನಮ್ಮ ಹಿತ್ತಾಳೆ ಫಿಲ್ಟರನ್ನು ನೆನೆದರೆ ಸಾಕು. ಮೇಲಿನ ಪಾತ್ರೆಗೆ ನಾಲ್ಕು ಚಮಚ, ಅಂದರೆ ಸುಮಾರು 30 ಗ್ರಾಂ ಪುಡಿ ಹಾಕಿ, ಕುದಿ ಬಂದ ನೀರು 150 ಮಿಲಿಲೀಟರಿನಷ್ಟು ಸುರಿಯುತ್ತೇವೆ. ಒಂದು ಗ್ರಾಂ ಪುಡಿಗೆ ಸಿಗುವುದು 5 ಮಿಲಿಲೀಟರ್ ನೀರು. ತೊಟ್ಟಿಕ್ಕಿ ಇಳಿಯುವುದು ಮೊದಲ ಡಿಕಾಕ್ಷನ್. ಅದೇ ಪುಡಿಗೆ ಮತ್ತೆ ಬಿಸಿನೀರು ಹಾಕಿ ಇಳಿಸಿದ್ದು ಎರಡನೆಯದು. ಎರಡನೆಯದರಲ್ಲಿ ಪರಿಮಳ ಕಡಿಮೆ, ಕಹಿ ಜಾಸ್ತಿ ಎಂದು ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ನೆಂಟರು ಬಂದಾಗ ಅದನ್ನು ಕೊಡುವುದಿಲ್ಲ. ಮೂರನೇ ಸಲ ಯಾರೂ ನೀರು ಹಾಕುವುದಿಲ್ಲ.

ಈಗ ಅದೇ ನಾಲ್ಕು ಚಮಚ ಪುಡಿಯನ್ನು ಮೆಷೀನಿನ ಬುಟ್ಟಿಗೆ ಹಾಕಿ, ಜಗ್ಗಿನ ಮೇಲಿನ ಗೆರೆಯವರೆಗೆ ಒಂದೂಕಾಲು ಲೀಟರ್ ನೀರು ತುಂಬಿಸಿದರೆ ಗ್ರಾಂಗೆ 40 ಮಿಲಿಲೀಟರ್ ದಾಟಿತು. ಮೊದಲನೇ, ಎರಡನೇ, ಮೂರನೇ ಡಿಕಾಕ್ಷನ್ ಒಂದೇ ಜಗ್ಗಿಗೆ ಇಳಿದವು. ಊರಿನ ಅಡುಗೆಮನೆಯಲ್ಲಿ ಚೆಲ್ಲುತ್ತಿದ್ದುದನ್ನು ಇಲ್ಲಿ ಮೆಷೀನು ತಾನಾಗಿ ಬೆರೆಸಿ ಕೊಡುತ್ತಿದೆ. ಇದನ್ನು ನಾಲಿಗೆಯಿಂದಲೇ ಪರೀಕ್ಷಿಸಬಹುದು. ಬಹಳಷ್ಟು ಮೆಷೀನುಗಳಲ್ಲಿ ಜಗ್ಗು ಎಳೆದರೆ ಹನಿ ನಿಲ್ಲುವ ವ್ಯವಸ್ಥೆ ಇರುತ್ತದೆ. ಇಳಿಯುತ್ತಿರುವ ಕಾಫಿಯನ್ನು ಮೂರು ಪಾಲು ಮಾಡಿ ಮೂರು ಲೋಟಗಳಲ್ಲಿ ಹಿಡಿಯಿರಿ. ಮೊದಲ ಲೋಟ ಗಟ್ಟಿ, ಕಡುಗಪ್ಪು, ಸ್ವಲ್ಪ ಹುಳಿ, ಹಿಂದೆಯೇ ಸಿಹಿ, ಮೂಗಿಗೆ ಅಡರುವ ಪರಿಮಳ. ಎರಡನೆಯದು ಸಪ್ಪೆಗಿಂತ ಒಂದು ಕೈ ಮೇಲು. ಮೂರನೆಯದು ಕಂದು ಬಣ್ಣದ ಬಿಸಿನೀರು, ಅದರಲ್ಲಿರುವುದು ಕಹಿ ಮತ್ತು ಒಗರು ಮಾತ್ರ. ದೂರು ಹೇಳುವವರು ಒಮ್ಮೆ ಈ ಮೂರನೇ ಲೋಟದ ಒಂದು ಗುಟುಕು ಕುಡಿದರೆ ಮೆಷೀನು ಬದಲಿಸುವ ಯೋಚನೆ ಬಿಡುತ್ತಾರೆ.

ಈ ಮೆಷೀನು ನಮ್ಮನ್ನು ಉದ್ದೇಶಿಸಿ ಹುಟ್ಟಿದ್ದೂ ಅಲ್ಲ. 1908ರಲ್ಲಿ ಡ್ರೆಸ್ಡೆನ್ನಿನ ಗೃಹಿಣಿ ಮೆಲಿಟ್ಟಾ ಬೆಂಟ್ಸ್ ಕಾಗದದಲ್ಲಿ ಕಾಫಿ ಸೋಸುವ ವಿಧಾನಕ್ಕೆ ಹಕ್ಕು ನೋಂದಾಯಿಸಿದರು. 1954ರಲ್ಲಿ ಜರ್ಮನಿಯ ಗಾಟ್ಲೋಬ್ ವಿಡ್ಮನ್ 'ವಿಗೋಮಾಟ್' ಎಂಬ ವಿದ್ಯುತ್ ಡ್ರಿಪ್ ಯಂತ್ರ ತಂದರು. ದೊಡ್ಡ ಮಗ್ ತುಂಬ ಹಾಲಿಲ್ಲದ ಕಾಫಿ ಕುಡಿಯುವವರ ಸಾಧನ ಅದು. ಅವರ ಲೆಕ್ಕ ಲೀಟರಿಗೆ ಸುಮಾರು 55 ಗ್ರಾಂ, ಅಂದರೆ ಗ್ರಾಂಗೆ 18 ಮಿಲಿಲೀಟರ್. ಪುಡಿಯ ತೂಕದಲ್ಲಿ ನೂರಕ್ಕೆ 18ರಿಂದ 22ರಷ್ಟು ನೀರಿಗೆ ಇಳಿದರೆ ಹದ, ಅದು ಮೀರಿದರೆ ಕಹಿ ಎಂಬ ಅಳತೆಯೂ 1950ರ ದಶಕದಲ್ಲಿ ಅಮೆರಿಕದಲ್ಲಿ ಅರ್ನೆಸ್ಟ್ ಲಾಕ್‌ಹಾರ್ಟ್ ನಡೆಸಿದ ಅಧ್ಯಯನಗಳಿಂದ ಬಂದದ್ದು. ಜಗ್ಗಿನ ಮೇಲೆ ಗುರುತಿಸಿದ 'ಕಪ್' ಸಾಮಾನ್ಯವಾಗಿ 125 ಮಿಲಿಲೀಟರಿನದು. ನಾಲ್ಕು ಜನಕ್ಕೆ ನಾಲ್ಕು ಕಪ್ ಎಂದು ಗೆರೆ ನೋಡಿ ನೀರು ತುಂಬಿ, ಆಮೇಲೆ ಅದಕ್ಕೆ ಹಾಲನ್ನೂ ಬೆರೆಸಿದರೆ ಯಾವ ಲೆಕ್ಕವೂ ಉಳಿಯುವುದಿಲ್ಲ.

ಇನ್ನು ಪುಡಿ. ನಾವು ಪ್ರೀತಿಯಿಂದ ಸೂಟ್‌ಕೇಸಿನಲ್ಲಿ ಹೊತ್ತು ತರುವ ಪುಡಿ ಮೆಷೀನಿಗೆ ಮೂರು ರೀತಿಯಲ್ಲಿ ಒಗ್ಗುವುದಿಲ್ಲ. ಅದು ನುಣ್ಣಗಿರುತ್ತದೆ, ಹುರಿದದ್ದು ಕಡುವಾಗಿರುತ್ತದೆ, ಚಿಕೋರಿ ಬೆರೆತಿರುತ್ತದೆ. ಈ ಮೂರೂ ಹಿತ್ತಾಳೆ ಫಿಲ್ಟರಿನಲ್ಲಿ ಗುಣಗಳೇ. ಚಿಕೋರಿ ನೀರು ಹೀರಿ ಇಳಿತವನ್ನು ನಿಧಾನ ಮಾಡುವುದರಿಂದಲೇ ಡಿಕಾಕ್ಷನ್ ಗಟ್ಟಿಯಾಗುತ್ತದೆ. ಕಾಗದದ ಫಿಲ್ಟರಿನಲ್ಲಿ ಅದೇ ಪುಡಿ ರಂಧ್ರಗಳನ್ನು ಮುಚ್ಚುತ್ತದೆ, ಬುಟ್ಟಿಯಲ್ಲಿ ಬಿಸಿನೀರು ನಿಲ್ಲುತ್ತದೆ, ಐದು ನಿಮಿಷದ ಕೆಲಸ ಹತ್ತು ನಿಮಿಷಕ್ಕೆ ಹೋಗುತ್ತದೆ. ಹುರಿದ ಕಾಫಿಯಲ್ಲಿ ನೀರಿಗೆ ಇಳಿಯಬಲ್ಲ ಅಂಶ ಹೆಚ್ಚೆಂದರೆ ನೂರಕ್ಕೆ ಮೂವತ್ತರ ಆಸುಪಾಸು. ಹುರಿದ ಚಿಕೋರಿಯಲ್ಲಿ ಅದು ಕನಿಷ್ಠ 55 ಇರಬೇಕೆಂದು ನಮ್ಮ ಆಹಾರ ನಿಯಮವೇ ಹೇಳುತ್ತದೆ. ನೀರು ಸುರಿದಷ್ಟೂ ಚಿಕೋರಿ ಕೊಡುತ್ತಲೇ ಹೋಗುತ್ತದೆ, ಮತ್ತು ಅದರ ಬೇರಿನಲ್ಲೇ ಕಹಿಯಿದೆ. ಕಾನೂನಿನ ಪ್ರಕಾರ ಮಿಶ್ರಣದಲ್ಲಿ ಕಾಫಿ 51ರಷ್ಟಿದ್ದರೂ ಸಾಕು. ಉಳಿದ 49 ಚಿಕೋರಿಯಾಗಿರುವ ಪುಡಿಯನ್ನು ಡ್ರಿಪ್ ಮೆಷೀನಿಗೆ ಹಾಕಿ ಕಾಫಿಯ ರುಚಿ ನಿರೀಕ್ಷಿಸುವುದು ಅನ್ಯಾಯ.

ಕಹಿಗೆ ಕೆಫೀನ್ ಕಾರಣ ಎಂದು ನಂಬಿದವರು ಬಹಳ. ಅದರ ಪಾಲು ಸಣ್ಣದು. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಥಾಮಸ್ ಹಾಫ್‌ಮನ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿಕೊಟ್ಟಂತೆ, ಬೀಜ ಹುರಿಯುವಾಗ ಅದರೊಳಗಿನ ಕ್ಲೋರೋಜೆನಿಕ್ ಆಮ್ಲಗಳು ಮೊದಲು ಲ್ಯಾಕ್ಟೋನುಗಳಾಗುತ್ತವೆ. ಇವು ಕೊಡುವುದು ಹಿತವಾದ, ಕಾಫಿಯದೇ ಎನ್ನಿಸುವ ಕಹಿ. ಇನ್ನೂ ಕಡುವಾಗಿ ಹುರಿದರೆ ಅವು ಒಡೆದು ಫಿನೈಲ್‌ಇಂಡೇನ್ ಎಂಬ ವಸ್ತುಗಳಾಗುತ್ತವೆ. ಗಂಟಲಿಗೆ ಅಂಟುವ ಒರಟು ಕಹಿ ಇವುಗಳದು. ಡಾರ್ಕ್ ರೋಸ್ಟ್ ಪುಡಿಯನ್ನು ಅತಿಯಾಗಿ ತೊಳೆದಾಗ ಸಿಗುವುದು ಇದೇ.

ನೀರಿನ ಮೇಲಿನ ಆರೋಪ ಇಲ್ಲಿ ಹೆಚ್ಚು ನಿಲ್ಲುವುದಿಲ್ಲ. ಡಬ್ಲಿನ್ನಿಗೆ ಬರುವ ನೀರಿನ ದೊಡ್ಡ ಪಾಲು ವಿಕ್ಲೋ ಬೆಟ್ಟಗಳ ಮಗ್ಗುಲಿನ ಜಲಾಶಯಗಳದು, ಗ್ರಾನೈಟ್ ನೆಲದ ಮೆದು ನೀರು. ಲೀಕ್ಸ್‌ಲಿಪ್ ಕಡೆಯಿಂದ ಬರುವ ನೀರು ಅದಕ್ಕಿಂತ ಗಡುಸು. ಕೆಟಲಿನ ತಳದಲ್ಲಿ ಬಿಳಿ ಪದರ ದಪ್ಪಗೆ ಕಟ್ಟುತ್ತಿಲ್ಲವಾದರೆ ನೀರನ್ನು ಬಿಟ್ಟುಬಿಡಿ. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರಿಗೆ ಕಾಫಿ ಮಾಡಿ ಕುಡಿದವರು ಈ ನೀರನ್ನು ದೂರಬಾರದು.

ಡಾಕಿನಿಂದ ಕೆಲವೇ ನಿಮಿಷ ನಡೆದರೆ ಲೋವರ್ ಗ್ರ್ಯಾಂಡ್ ಕೆನಾಲ್ ಸ್ಟ್ರೀಟ್. ಹಣಕಾಸಿನ ನೌಕರಿ ಬಿಟ್ಟ ಕಾಲಿನ್ ಹಾರ್ಮನ್ ಮೂರನೇ ಮಹಡಿಯ ತಮ್ಮ ಮನೆಯಲ್ಲಿ ಕಾಫಿ ಕಲಿತು, 2009ರಲ್ಲಿ ನೈಟ್‌ಕ್ಲಬ್ಬೊಂದರ ಮೊಗಸಾಲೆಯಲ್ಲಿ ಶುರುಮಾಡಿ, ಮುಂದೆ ಈ ಬೀದಿಗೆ ತಂದ ಅಂಗಡಿ 'ತ್ರೀಎಫ್ಇ'. ಆ ಹೆಸರು ಬಂದದ್ದೇ ಆ ಮೂರನೇ ಮಹಡಿಯಿಂದ. 2008ರಲ್ಲಿ ವಿಶ್ವ ಬರಿಸ್ತಾ ಚಾಂಪಿಯನ್ ಆದದ್ದು ಐರಿಶ್ ಯುವಕ ಸ್ಟೀಫನ್ ಮಾರಿಸ್ಸಿ. 2016ರಲ್ಲಿ ಆ ಸ್ಪರ್ಧೆ ಡಬ್ಲಿನ್ನಿನಲ್ಲೇ ನಡೆಯಿತು. ಹೀಗೆ ಕಾಫಿಯನ್ನು ಗಂಭೀರವಾಗಿ ತೆಗೆದುಕೊಂಡ ಊರಿದು. ಇಂಥ ಅಂಗಡಿಗಳಿಂದ ನಾವು ಕಲಿಯಬೇಕಾದದ್ದು ತಕ್ಕಡಿಯ ಶಿಸ್ತು. ಅವರು ಚಮಚದಲ್ಲಿ ಅಳೆಯುವುದಿಲ್ಲ, ಗ್ರಾಂನಲ್ಲಿ ತೂಗುತ್ತಾರೆ. ಆದರೆ ಈ ಹೊಸ ಕಾಫಿ ಪಂಥ ಕಹಿಯನ್ನೇ ದೋಷವೆಂದು ಎಣಿಸಿ, ಹಗುರಾಗಿ ಹುರಿದ ಹುಳಿ ಕಾಫಿಯನ್ನು ಎಲ್ಲರಿಗೂ ಶಿಫಾರಸು ಮಾಡುವುದನ್ನು ನಾನು ಒಪ್ಪುವುದಿಲ್ಲ. ಉಕ್ಕಿ ಬಂದ ಹಾಲಿಗೆ ಆ ಹುಳಿ ಹೊಂದುವುದಿಲ್ಲ. ಬಾಬಾಬುಡನ್ ಗಿರಿಯಲ್ಲಿ, ಕೊಡಗಿನಲ್ಲಿ ಬೆಳೆದ ಕಾಫಿಯನ್ನು ಹದವಾಗಿ ಹುರಿದು ಹಾಲಿನ ಜೊತೆ ಕುಡಿಯುವ ನಮ್ಮ ಪದ್ಧತಿಗೆ ಒಂದು ಪ್ರಮಾಣದ ಕಹಿ ಬೇಕು. ಹಾಲಿನ ಕೇಸೀನ್ ಆ ಕಹಿಯನ್ನು ಹಿಡಿದು ಮೃದು ಮಾಡುತ್ತದೆ. ಕಹಿ ಇಲ್ಲದಿದ್ದರೆ ಲೋಟದಲ್ಲಿ ಉಳಿಯುವುದು ಬಣ್ಣದ ಹಾಲು.

ಹಾಗಾದರೆ ಮೆಷೀನನ್ನು ಡಿಕಾಕ್ಷನ್ನಿನ ಕಡೆಗೆ ಎಳೆಯಬೇಕು. 60 ಗ್ರಾಂ ಪುಡಿ, ಅರ್ಧ ಲೀಟರ್ ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಕುಡಿದು ಉಳಿದ 380 ಮಿಲಿಲೀಟರ್ ಇಳಿಯುತ್ತದೆ. ಅಷ್ಟೇ ಬಿಸಿ ಹಾಲು ಬೆರೆಸಿದರೆ ಐದಾರು ಲೋಟ. ಪುಡಿ ಮಧ್ಯಮ ರವೆಯಷ್ಟು ತರಿಯಾಗಿರಲಿ, ಚಿಕೋರಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಬೇಡ, ಇಲ್ಲದಿದ್ದರೂ ನಡೆಯುತ್ತದೆ. ಕೆಲಸ ಮುಗಿದ ಮೇಲೆ ಬುಟ್ಟಿಯ ಒಳಗೆ ಒಮ್ಮೆ ನೋಡಿ. ನಡುವೆ ಗುಳಿ ಬಿದ್ದು, ಅಂಚಿನಲ್ಲಿ ಪುಡಿ ಅರೆಒಣಗಿದಂತೆ ಏರಿ ನಿಂತಿದ್ದರೆ ನೀರೆಲ್ಲ ಒಂದೇ ದಾರಿಯಲ್ಲಿ ಹರಿದಿದೆ. ನಡುವಿನ ಪುಡಿ ಅತಿಯಾಗಿ ತೊಳೆದುಹೋಗಿದೆ, ಅಂಚಿನದು ದಂಡವಾಗಿದೆ. ಇಂಥ ಕಾಫಿ ಒಂದೇ ಸಲಕ್ಕೆ ತೆಳ್ಳಗೂ ಕಹಿಯೂ ಆಗಿರುತ್ತದೆ. ಮೊದಲ ನೀರು ಬಿದ್ದಾಗ ಚಮಚದ ಹಿಡಿಯಿಂದ ಪುಡಿಯನ್ನು ಎಲ್ಲ ಕಡೆ ಒದ್ದೆಯಾಗುವಂತೆ ಕದಡಿದರೆ ಗುಳಿ ಬೀಳುವುದಿಲ್ಲ.

ಜಗ್ಗಿನ ಕೆಳಗಿನ ಬಿಸಿ ತಟ್ಟೆಯನ್ನು ಆರಿಸಿಬಿಡಿ. ಅದರ ಮೇಲೆ ಕೂತ ಕಾಫಿ ಅರ್ಧ ಗಂಟೆಯಲ್ಲಿ ಬೇರೆಯದೇ ಪೇಯವಾಗುತ್ತದೆ. ಫ್ಲಾಸ್ಕಿಗೆ ಸುರಿದಿಟ್ಟರೆ ಸಾಕು. ಬುಟ್ಟಿಗೆ ಅಂಟಿದ ಎಣ್ಣೆಯ ಜಿಡ್ಡು ಹಳಸಿ ಹೊಸ ಕಾಫಿಗೆ ಕಮಟು ಕೊಡುತ್ತದೆ, ಅದನ್ನು ಸೋಪಿನಲ್ಲೇ ತೊಳೆಯಬೇಕು. ಒಳಗಿನ ಕೊಳವೆಗೆ ನಿಂಬೆ ಉಪ್ಪಿನ ನೀರು ಹರಿಸಿದರೆ ಸುಣ್ಣ ಬಿಡುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ತೀರ್ಪು ಇದು: ಇಬ್ಬರಿಗೆ ಕಾಫಿ ಬೇಕಾದಾಗ ಹಿತ್ತಾಳೆ ಫಿಲ್ಟರನ್ನು ಈ ಮೆಷೀನು ಮೀರಿಸುವುದಿಲ್ಲ. ಚಳಿಗಾಲದ ಐರಿಶ್ ಅಡುಗೆಮನೆಯಲ್ಲಿ ಲೋಹ ಬೇಗ ತಣಿಯುವುದರಿಂದ ಫಿಲ್ಟರಿಗೆ ಮೊದಲು ಬಿಸಿನೀರು ತೋರಿಸಬೇಕು, ಅಷ್ಟೇ. ಹಬ್ಬಕ್ಕೆ ಹತ್ತು ಜನ ಸೇರಿದಾಗ ಮೆಷೀನೇ ಒಳ್ಳೆಯದು. ಆದರೆ ಪುಡಿ ಮಾರುವವರಿಂದ ನನಗೊಂದು ಅಪೇಕ್ಷೆಯಿದೆ. ಪೊಟ್ಟಣದ ಮೇಲೆ ಚಿಕೋರಿಯ ಪ್ರಮಾಣ ಹಾಕುತ್ತಾರೆ, ಅದು ನಿಯಮ. ಅದರ ಪಕ್ಕದಲ್ಲೇ ಬೀಜ ಹುರಿದ ದಿನವನ್ನೂ, ಈ ಪುಡಿ ಹಿತ್ತಾಳೆ ಫಿಲ್ಟರಿಗೋ ಕಾಗದದ ಡ್ರಿಪ್ಪಿಗೋ ಎಂಬುದನ್ನೂ ಒಂದು ಸಾಲಿನಲ್ಲಿ ಮುದ್ರಿಸಬೇಕು. ಕನ್ನಡಿಗರು ಊರು ಬಿಟ್ಟು ಇಷ್ಟು ದೂರ ಬಂದು, ಇಷ್ಟೊಂದು ಬಗೆಯ ಮೆಷೀನುಗಳಲ್ಲಿ ಕಾಫಿ ಮಾಡಿಕೊಳ್ಳುತ್ತಿರುವಾಗ ಆ ಒಂದು ಸಾಲು ಇಲ್ಲದ ಪೊಟ್ಟಣ ಅರೆಬರೆ ಮಾಹಿತಿಯ ಪೊಟ್ಟಣ.