ಕಿಸೆಗೆ ಕೈ ಹಾಕುವ ಮುನ್ನ

2024ರ ಮೇ 7ರಂದು ಹಾವೇರಿ ಲೋಕಸಭಾ ಕ್ಷೇತ್ರದಲ್ಲಿ ಮತದಾನವಾಯಿತು. ಗದಗ, ಶಿರಹಟ್ಟಿ ಎರಡೂ ಆ ಕ್ಷೇತ್ರದೊಳಗೇ ಬರುತ್ತವೆ. ಅಂಥ ದಿನಗಳಲ್ಲಿ ಶೇಂಗಾ ಮಾರಿದ ರೊಕ್ಕ ಕಟ್ಟಿಕೊಂಡು ಲಕ್ಷ್ಮೇಶ್ವರಕ್ಕೆ ಮರಳುವ ರೈತನ ಚೀಲ ಬಿಚ್ಚಿಸಬೇಕಾದರೆ ಚೆಕ್‌ಪೋಸ್ಟಿನ ಸ್ಥಿರ ಕಣ್ಗಾವಲು ತಂಡಕ್ಕೆ ಚುನಾವಣಾ ಆಯೋಗದ ಕಟ್ಟಳೆ ಇದೆ: ದಂಡಾಧಿಕಾರಿ ಎದುರಿಗಿರಬೇಕು, ವಿಡಿಯೊ ಆಗಬೇಕು. ದಾಖಲೆಯಿಲ್ಲದ 50 ಸಾವಿರ ರೂಪಾಯಿಗೂ ಮೀರಿದ ಹಣ ಹಿಡಿದರೆ ಅಹವಾಲು ಕೇಳಲು ಜಿಲ್ಲೆಯಲ್ಲಿ ಮೂವರ ಸಮಿತಿ ಇರುತ್ತದೆ.

ಚುನಾವಣೆ ಮುಗಿದ ಮೇಲೆ ಇವೆಲ್ಲ ಎಲ್ಲಿ ಹೋಗುತ್ತವೆ? ರಾತ್ರಿ ಯಾವುದೋ ನಾಕಾದಲ್ಲಿ ಬೈಕ್ ನಿಲ್ಲಿಸಿ "ಕಿಸೆ ತೋರ್ಸು" ಅಂದರೆ ಬೆಟಗೇರಿಯ ನೇಕಾರನ ಮಗ ಯಾವ ಕಲಮು ಎಂದು ಕೇಳುವುದಿಲ್ಲ, ಕೇಳುವ ಧೈರ್ಯವೂ ಇರುವುದಿಲ್ಲ. ಮೋಟಾರು ವಾಹನ ಕಾಯ್ದೆಯಡಿ ಪೊಲೀಸರು ಲೈಸೆನ್ಸ್ ಕೇಳಬಹುದು. ಲೈಸೆನ್ಸ್ ಕೇಳುವ ಆ ಅಧಿಕಾರ ಕಿಸೆಯವರೆಗೆ ಚಾಚುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 49ನೇ ಕಲಮಿನಲ್ಲಿ ಮೈ ಶೋಧನೆಗೆ ಅವಕಾಶವಿದೆ, ಆದರೆ ಅದು ಬಂಧಿತನದು. ತೆಗೆದುಕೊಂಡ ವಸ್ತುವಿಗೆ ರಸೀದಿ ಕೊಡಬೇಕು, ಹೆಣ್ಣುಮಕ್ಕಳನ್ನು ಹೆಣ್ಣುಮಕ್ಕಳೇ ಮರ್ಯಾದೆಯಿಂದ ಶೋಧಿಸಬೇಕು. ತನಿಖೆಗಾಗಿ ವಾರಂಟಿಲ್ಲದೆ ಜಾಗ ಶೋಧಿಸುವ ಅಧಿಕಾರಿ 185ನೇ ಕಲಮಿನಂತೆ ಕಾರಣವನ್ನು ಮೊದಲು ಬರೆದಿಡಬೇಕು; ಅದರ ಪ್ರತಿ 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ತಲುಪಬೇಕು. ಬರೀ ಮುಂಜಾಗ್ರತೆಗೆಂದು ಎಲ್ಲ ದಾರಿಹೋಕರ ಮೈ ತಡವುವ ಸಾಮಾನ್ಯ ಅಧಿಕಾರವನ್ನು ಈ ಸಂಹಿತೆ ಕೊಟ್ಟಿಲ್ಲ.

ಕತ್ತಲಲ್ಲಿ ಒಬ್ಬನೇ ನಿಂತ ಪೇದೆಗೆ ಚಾಕುವಿನ ಭಯ ಇದ್ದೇ ಇರುತ್ತದೆ, ಅದನ್ನು ಹಗುರ ಮಾಡಲಾರೆ. ಅಮೆರಿಕದ ಸುಪ್ರೀಂ ಕೋರ್ಟ್ 1968ರ ಟೆರ್ರಿ ಪ್ರಕರಣದಲ್ಲಿ ಈ ಭಯಕ್ಕೆ ಅಳತೆ ಕೊಟ್ಟಿತು: ಕಣ್ಣಿಗೆ ಕಂಡ ನಿರ್ದಿಷ್ಟ ಸಂಗತಿಗಳಿರಬೇಕು, ಆಯುಧಕ್ಕಾಗಿ ಮೇಲುಡುಪನ್ನಷ್ಟೇ ತಡವಬೇಕು. ಆಯುಧದ ಭಯಕ್ಕೆ ನೋಟಿನ ಕಟ್ಟು ಎಣಿಸಬೇಕಿಲ್ಲ, ವಾಟ್ಸಾಪ್ ತೆರೆಸಬೇಕಿಲ್ಲ. ಫೋನಿನ ಶೋಧನೆಗೆ ಸಾಮಾನ್ಯವಾಗಿ ವಾರಂಟ್ ಬೇಕೆಂದು ನಮ್ಮ ಹೈಕೋರ್ಟೇ 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಹೇಳಿದೆ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಹುಟ್ಟಿದ್ದೂ ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ.

ಚುನಾವಣೆಗೆ ಸಾಧ್ಯವಾದದ್ದು ಉಳಿದ ದಿನಗಳಿಗೆ ಯಾಕೆ ಆಗದು? ಪ್ರತಿ ನಾಕಾಕ್ಕೂ ದಂಡಾಧಿಕಾರಿ ಬೇಕೆಂದು ನಾನು ಕೇಳುತ್ತಿಲ್ಲ. ಯಾರನ್ನು, ಯಾವ ಶಂಕೆಯ ಮೇಲೆ ತಡವಿದೆವು ಎಂದು ಠಾಣೆಯ ಡೈರಿಯಲ್ಲಿ ಒಂದು ಸಾಲು ಬರೆಯಲಿ, ಮೊಬೈಲಿನಲ್ಲಿ ವಿಡಿಯೊ ಮಾಡಲಿ. ಮುಂಡರಗಿ ದಾಟಿ ಕೊರ್ಲಹಳ್ಳಿ ಸೇತುವೆಯತ್ತ ಹೊರಟವನಿಗೆ ತನ್ನನ್ನು ತಡೆದವರ ಹೆಸರಾದರೂ ತಿಳಿದಿರಲಿ.